ಸ್ಟಾಫ್ ನರ್ಸ್ ಡೈರಿ, ಭಾಗ 14: ವಾಂತಿ ಮಾಡುವ ಬೆಕ್ಕು ಮತ್ತು 39ನೇ ನಂಬರ್ ಬಸ್ಸು



ಹೋದ ಭಾಗದಲ್ಲಿ ಸಲೈನ್ ಬಾಟಲಿಯ ಚರಿತ್ರೆ ಬರೆದಿದ್ದೆ. ಮುಂದಿನದು ಇನ್ಸುಲಿನ್ ಅಂತ ಮಾತು ಕೊಟ್ಟಿದ್ದೆ. ಇನ್ಸುಲಿನ್ ಮುಂದಿನ ವಾರ ಬರುತ್ತೆ. ಈ ವಾರ ನಮ್ಮ ಮನೆಯ ಬೆಕ್ಕಿನ ವಾಂತಿಯ ಬಗ್ಗೆ ಬರೆಯುತ್ತೇನೆ. ನಗಬೇಡಿ. ಕೊನೆಯವರೆಗೆ ಓದಿದರೆ ಇದೂ ಆಸ್ಪತ್ರೆಯ ಚರಿತ್ರೆಯೇ ಅಂತ ಗೊತ್ತಾಗುತ್ತೆ.

ನಮ್ಮ ಚುಕ್ಕಿಗೆ 13 ವರ್ಷ. ಕಳೆದ ವರ್ಷ ಏಪ್ರಿಲ್‌ನಲ್ಲಿ ವಾಂತಿ ಶುರುವಾಯಿತು. ಮೊದಲು ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಅಕ್ಟೋಬರ್ ಹೊತ್ತಿಗೆ ವಾರಕ್ಕೆ ಮೂರು ನಾಲ್ಕು ಸಲ. ನೈಟ್ ಡ್ಯೂಟಿ ಮುಗಿಸಿ ಬಂದು ಬಾಗಿಲು ತೆಗೆದರೆ ನಾನು ಮೊದಲು ನೋಡುತ್ತಿದ್ದದ್ದು ಕಾರ್ಪೆಟ್ಟನ್ನು. ಒರೆಸುವುದು, ಅಡಿಗೆ ಸೋಡಾ ಉದುರಿಸುವುದು, ಹೋಗಿ ಮಲಗುವುದು. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ಅಮ್ಮ ಅಂದಳು, "ಬೆಕ್ಕು ಅಂದ್ಮೇಲೆ ಕಕ್ಕದೆ ಇರ್ತದೇನೆ? ಗರಿಕೆ ತಿಂದಿರ್ಬೇಕು." ನಾವಿರುವುದು ಮೂರನೇ ಮಹಡಿ. ಗರಿಕೆ ಎಲ್ಲಿಂದ ಬರಬೇಕು? ಆದರೂ ಆ ಮಾತು ನನಗೆ ಸಮಾಧಾನ ಕೊಟ್ಟಿತು. ಕೊಪ್ಪದ ಮನೆಯಲ್ಲಿ ನಾನು ನೋಡಿದ ಬೆಕ್ಕುಗಳೆಲ್ಲ ಅಂಗಳದ ಹುಲ್ಲು ತಿಂದು ಕಕ್ಕುತ್ತಿದ್ದವು. ಯಾರೂ ಲೆಕ್ಕ ಇಡುತ್ತಿರಲಿಲ್ಲ. ಆ ಬೆಕ್ಕುಗಳಲ್ಲಿ ಒಂದೂ 13 ವರ್ಷ ಬದುಕಿದ್ದು ನನಗೆ ನೆನಪಿಲ್ಲ ಅನ್ನೋದು ಮಾತ್ರ ಆಗ ಹೊಳೆಯಲಿಲ್ಲ.

ಅವಳು ಸಣ್ಣಗಾಗುತ್ತಿದ್ದಳು. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಆದರೆ ತಿನ್ನುವುದು? ಮೊದಲಿನ ಎರಡರಷ್ಟು. ಬೆಳಗಿನ ಜಾವ 4ಕ್ಕೆ ಅಡುಗೆಮನೆ ಮುಂದೆ ಕೂಗಾಟ. ನಾನು ಮೊಸರನ್ನ ಕಲಸಿದರೆ ಬಂದು ಕೈ ನೆಕ್ಕುವಷ್ಟು ಹಸಿವು. "ಇಷ್ಟು ಚೆನ್ನಾಗಿ ತಿಂತಾಳೆ, ಓಡಾಡ್ತಾಳೆ, ಕಾಯಿಲೆ ಏನಿರುತ್ತೆ? ವಯಸ್ಸಾಯ್ತು ಅಷ್ಟೆ" ಅಂದುಕೊಂಡೆ.

ನನ್ನ ವಾರ್ಡಿನಲ್ಲಿ ಬೆಳಗ್ಗೆ 6ಕ್ಕೆ ಪ್ರತಿ ಪೇಷಂಟಿನ ತೂಕ ಬರೆಯುತ್ತೇವೆ. ಎರಡು ದಿನದಲ್ಲಿ 2 ಕೆಜಿ ಹೆಚ್ಚುಕಮ್ಮಿ ಆದರೆ ಡಾಕ್ಟರಿಗೆ ಫೋನ್ ಮಾಡುವವಳು ನಾನು. ಮನೆಯ ಬೆಕ್ಕನ್ನು ಒಂದು ದಿನವೂ ತೂಕ ಹಾಕಿರಲಿಲ್ಲ.

ಅಕ್ಟೋಬರ್ ಕೊನೆಗೆ ಹತ್ತಿರದ ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ತಕ್ಕಡಿ 3.7 ಕೆಜಿ ತೋರಿಸಿತು. ಜನವರಿಯಲ್ಲಿ ಲಸಿಕೆಗೆ ಹೋದಾಗ 5.1 ಇತ್ತು. ಅಲ್ಲೇ ಕೂತು ಲೆಕ್ಕ ಹಾಕಿದೆ. 60 ಕೆಜಿಯ ನಾನು ಹೀಗೆ ಇಳಿದಿದ್ದರೆ 16 ಕೆಜಿ ಕಳೆದುಕೊಂಡಿರುತ್ತಿದ್ದೆ. ಯಾರಾದರೂ ಅದನ್ನು ವಯಸ್ಸು ಅನ್ನುತ್ತಿದ್ದರೇ? ವೆಟ್ ಡಾಕ್ಟರಮ್ಮ ಚುಕ್ಕಿಯ ಗಂಟಲಿನ ಎರಡೂ ಬದಿ ಬೆರಳು ಇಳಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. ನನ್ನ ಬೆರಳನ್ನೂ ಅಲ್ಲಿ ಇಟ್ಟರು. ಚರ್ಮದ ಕೆಳಗೆ ನೆನೆಸಿದ ಕಡಲೆಕಾಳಿನಷ್ಟು ಒಂದು ಗಂಟು ಜಾರಿತು. ಹೃದಯ ನಿಮಿಷಕ್ಕೆ 240 ಸಲ ಬಡಿಯುತ್ತಿತ್ತು. ಮರುದಿನ ರಕ್ತದ ರಿಪೋರ್ಟ್ ಬಂತು. ಥೈರಾಯ್ಡ್ ಹಾರ್ಮೋನ್ ಇರಬೇಕಾದದ್ದಕ್ಕಿಂತ ಎರಡು ಪಟ್ಟು ಮೀರಿತ್ತು. ಹೈಪರ್‌ಥೈರಾಯ್ಡಿಸಮ್.

ಮನುಷ್ಯರಲ್ಲಿ ಈ ಕಾಯಿಲೆಯನ್ನು ನೂರಾರು ಸಲ ನೋಡಿದ್ದೇನೆ. ಕೈ ನಡುಕ, ಎದೆ ಬಡಿತ, ಚೆನ್ನಾಗಿ ಉಂಡರೂ ಇಳಿಯುವ ತೂಕ. ಅದೇ ಲಕ್ಷಣಗಳು ನನ್ನ ಕಾಲ ಬಳಿ ಆರು ತಿಂಗಳು ಓಡಾಡಿದವು, ನಾನು ಕಾರ್ಪೆಟ್ ಒರೆಸುತ್ತಿದ್ದೆ. ಆ ನಾಚಿಕೆಯಲ್ಲೇ ಓದಲು ಕೂತೆ. ಬೆಕ್ಕುಗಳಲ್ಲಿ ಈ ಕಾಯಿಲೆ ಇದೆ ಅಂತ ವೈದ್ಯಲೋಕಕ್ಕೆ ಗೊತ್ತಾದದ್ದೇ 1979ರಲ್ಲಿ. ನಾನು ಹುಟ್ಟಿದ್ದು 1978. ಅಂದರೆ ಕಾಗದದ ಮೇಲೆ ಈ ಕಾಯಿಲೆ ನನಗಿಂತ ಒಂದು ವರ್ಷ ಚಿಕ್ಕದು. ಬೆಕ್ಕುಗಳು ಸಾವಿರಾರು ವರ್ಷದಿಂದ ನಮ್ಮ ಜೊತೆ ಇವೆಯಲ್ಲ, ಅಲ್ಲಿಯವರೆಗೆ ಯಾರಿಗೂ ಯಾಕೆ ಕಾಣಲಿಲ್ಲ?

*

ಮೊದಲು ಮನುಷ್ಯರ ಕಥೆ. 1786ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ವೈದ್ಯ ಕೇಲೆಬ್ ಪ್ಯಾರಿ ಒಬ್ಬ ಹೆಂಗಸನ್ನು ನೋಡಿದ. ಕುತ್ತಿಗೆಯಲ್ಲಿ ಊತ, ಎದೆ ಢವಢವ. ಎರಡಕ್ಕೂ ಸಂಬಂಧ ಇದೆ ಅಂತ ಅನ್ನಿಸಿ ಬರೆದಿಟ್ಟುಕೊಂಡ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1825ರಲ್ಲಿ. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಮೆರ್ಸೆಬರ್ಗ್ ಊರಿನ ಕಾರ್ಲ್ ಫಾನ್ ಬಾಸೆಡೋ ಇದನ್ನೇ ಮತ್ತೆ ಕಂಡು ಬರೆದರು. ಅದಕ್ಕೇ ಇಂಗ್ಲಿಷ್ ಪುಸ್ತಕದಲ್ಲಿ ಇದು ಗ್ರೇವ್ಸ್ ಕಾಯಿಲೆ, ಜರ್ಮನ್ ಪುಸ್ತಕದಲ್ಲಿ ಬಾಸೆಡೋ ಕಾಯಿಲೆ.

1913ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಹೆನ್ರಿ ಪ್ಲಮರ್ ಒಂದು ಮುಖ್ಯವಾದ ಭೇದ ತೋರಿಸಿದ. ಗ್ರೇವ್ಸ್ ಕಾಯಿಲೆಯಲ್ಲಿ ಇಡೀ ಗ್ರಂಥಿ ಊದಿಕೊಂಡು ಅತಿಯಾಗಿ ಕೆಲಸ ಮಾಡುತ್ತೆ, ಕೆಲವರಿಗೆ ಕಣ್ಣುಗುಡ್ಡೆ ಹೊರಗೆ ಬರುತ್ತೆ. ಇನ್ನು ಕೆಲವರಲ್ಲಿ, ಹೆಚ್ಚಾಗಿ ವಯಸ್ಸಾದವರಲ್ಲಿ, ಗ್ರಂಥಿಯೊಳಗೆ ಒಂದೆರಡು ಗಂಟು ಬೆಳೆದು ಮೆದುಳಿನ ಮಾತು ಕೇಳದೆ ತಮ್ಮಷ್ಟಕ್ಕೆ ಹಾರ್ಮೋನ್ ಸುರಿಸುತ್ತವೆ. ಕಣ್ಣಿಗೆ ಏನೂ ಆಗುವುದಿಲ್ಲ. ಚುಕ್ಕಿಯದು ಈ ಎರಡನೇ ಜಾತಿ. ಬೆಕ್ಕುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕೇಸೂ ಹೀಗೇ. ಗಂಟು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ಚಿಕ್ಕಮಗಳೂರು, ಕೊಡಗಿನವರಿಗೆ ಗಳಗಂಡ ಹೊಸದಲ್ಲ. ನನ್ನ ಅಜ್ಜಿಯ ಓರಗೆಯ ಹೆಂಗಸರಲ್ಲಿ ಸೆರಗಿನಿಂದ ಕುತ್ತಿಗೆ ಮುಚ್ಚಿಕೊಳ್ಳುವವರು ಇದ್ದರು. ಅದು ಬೇರೆ. ಮಳೆ ಜಾಸ್ತಿ ಇರುವ ಬೆಟ್ಟದ ನಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದುಹೋಗುತ್ತೆ. ಸಾಲದ ಅಯೋಡಿನ್ನನ್ನು ಹಿಡಿಯುವುದಕ್ಕೆ ಗ್ರಂಥಿ ದೊಡ್ಡದಾಗುತ್ತೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಹಂಚಿ ಇದನ್ನು ತಡೆಯಬಹುದು ಅಂತ ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅದು ಗಿರಣಿಗೆ ಅಕ್ಕಿ ಸಾಲದ ಕಥೆ. ಚುಕ್ಕಿಯದು ಗಿರಣಿ ನಿಲ್ಲಿಸುವ ಸ್ವಿಚ್ಚೇ ಕೆಟ್ಟ ಕಥೆ.

ಸ್ವಿಚ್ ಕೆಟ್ಟರೆ ಮೈಯ ಎಲ್ಲ ಕೆಲಸವೂ ಜೋರಾಗುತ್ತೆ. ತಿಂದದ್ದು ಉರಿದುಹೋಗುತ್ತೆ, ಆಮೇಲೆ ಮಾಂಸಖಂಡವೇ ಕರಗುತ್ತೆ. ಹಸಿವಿಗೆ ಗಬಗಬ ತಿಂದು ಹೊಟ್ಟೆ ಒಮ್ಮೆಲೇ ಹಿಗ್ಗುತ್ತೆ. ಮೆದುಳಿನಲ್ಲಿ ವಾಂತಿಗೆ ಅಂತ ಇರುವ ಜಾಗವನ್ನೂ ಹಾರ್ಮೋನ್ ಕೆರಳಿಸುತ್ತೆ. ತಿಂದ ಹತ್ತು ನಿಮಿಷಕ್ಕೆ ಕಾರ್ಪೆಟ್ ಮೇಲೆ ಅಷ್ಟೂ ವಾಪಸ್.

*

ಈಗ ಬಸ್ಸು. ನಾವಿರುವುದು ಬಾಸ್ಟನ್ನಿನ ಜಮೈಕಾ ಪ್ಲೇನ್. ಕೆಲಸ ಲಾಂಗ್‌ವುಡ್‌ನ ಒಂದು ಆಸ್ಪತ್ರೆಯಲ್ಲಿ. ಹತ್ತು ವರ್ಷದಿಂದ 39ನೇ ನಂಬರ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಚುಕ್ಕಿಯ ರೋಗದ ಅರ್ಧ ಚರಿತ್ರೆ ಆ ಬಸ್ಸಿನ ದಾರಿಯಲ್ಲೇ ಇದೆ ಅಂತ ಗೊತ್ತಿರಲಿಲ್ಲ.

ಬಸ್ಸಿನ ದಾರಿಯ ಕೊನೆಯಿಂದ ಶುರು ಮಾಡುತ್ತೇನೆ. ಲಾಂಗ್‌ವುಡ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ವಾಂಡರ್‌ಬಿಲ್ಟ್ ಹಾಲ್ ಸಿಗುತ್ತೆ, ಹಾರ್ವರ್ಡ್ ಮೆಡಿಕಲ್ ವಿದ್ಯಾರ್ಥಿಗಳ ಹಾಸ್ಟೆಲ್. 1936ರ ನವೆಂಬರ್ 12ರಂದು ಅಲ್ಲಿ ಒಂದು ಮಧ್ಯಾಹ್ನದ ಊಟದ ಸಭೆ. ನದಿಯ ಆಚೆಯ ಎಂಐಟಿಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್ ಭೌತಶಾಸ್ತ್ರದಿಂದ ವೈದ್ಯಕೀಯಕ್ಕೆ ಏನು ಉಪಯೋಗ ಅಂತ ಭಾಷಣ ಮಾಡಿದರು. ಕೇಳುತ್ತಿದ್ದವರಲ್ಲಿ 31 ವರ್ಷದ ಸಾಲ್ ಹರ್ಟ್ಸ್ ಇದ್ದರು, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಥೈರಾಯ್ಡ್ ಕ್ಲಿನಿಕ್ಕಿನ ಡಾಕ್ಟರು. ಅವರು ಎದ್ದು ಒಂದೇ ಪ್ರಶ್ನೆ ಕೇಳಿದರು: ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಬಹುದೇ?

ಪ್ರಶ್ನೆಯ ಹಿಂದಿನ ಯೋಚನೆ ಸರಳ. ಮೈಯಲ್ಲಿ ಅಯೋಡಿನ್ನನ್ನು ಆಸೆಪಟ್ಟು ಎಳೆದುಕೊಳ್ಳುವುದು ಥೈರಾಯ್ಡ್. ವಿಕಿರಣ ಸೂಸುವ ಅಯೋಡಿನ್ ಕೊಟ್ಟರೆ ಅದು ತಾನಾಗಿಯೇ ಅಲ್ಲಿಗೆ ಹೋಗಿ ಕೂರುತ್ತೆ. ಅತಿಯಾಗಿ ಕೆಲಸ ಮಾಡುವ ಜೀವಕೋಶ ಹೆಚ್ಚು ಎಳೆದುಕೊಳ್ಳುತ್ತೆ, ಹೆಚ್ಚು ಸುಡುತ್ತೆ. ಚಾಕು ಬೇಡ.

ಕಾಂಪ್ಟನ್ ಡಿಸೆಂಬರ್‌ನಲ್ಲಿ ಪತ್ರ ಬರೆದು, ಮಾಡಬಹುದು ಅಂತ ತಿಳಿಸಿದರು. ಎಂಐಟಿಯ ಆರ್ಥರ್ ರಾಬರ್ಟ್ಸ್ ಮೊದಲು ತಯಾರಿಸಿದ ಅಯೋಡಿನ್-128 ಕೇವಲ 25 ನಿಮಿಷಕ್ಕೆ ಅರ್ಧ ಆಗಿಬಿಡುತ್ತಿತ್ತು. ಅಷ್ಟರೊಳಗೆ ಪರೀಕ್ಷೆ ಮುಗಿಸಬೇಕು. 1937ರಲ್ಲಿ 48 ಮೊಲಗಳ ಮೇಲೆ ಮಾಡಿದರು. ಅಯೋಡಿನ್ ನೇರ ಥೈರಾಯ್ಡಿಗೇ ಹೋಗುತ್ತೆ ಅಂತ ಸಾಬೀತಾಯಿತು. 1938ರಲ್ಲಿ ಬರ್ಕ್ಲಿಯಲ್ಲಿ 8 ದಿನಕ್ಕೆ ಅರ್ಧವಾಗುವ ಅಯೋಡಿನ್-131 ಪತ್ತೆಯಾಯಿತು. 1941ರ ಮಾರ್ಚ್ 31ರಂದು ಹರ್ಟ್ಸ್ ಮೊದಲ ಪೇಷಂಟಿಗೆ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಕೊಟ್ಟರು.

ಅವರ ಮುಂದಿನ ಕಥೆ ಓದಿ ಬೇಜಾರಾಯಿತು. 1943ರಲ್ಲಿ ಯುದ್ಧಕಾಲದಲ್ಲಿ ನೌಕಾಪಡೆಗೆ ಹೋದರು. ಅವರು ಬಿಟ್ಟ ಕೆಲಸವನ್ನು ಸಹೋದ್ಯೋಗಿಯೊಬ್ಬರು ಮುಂದುವರಿಸಿದರು. 1946ರಲ್ಲಿ ಇಬ್ಬರ ಲೇಖನವೂ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು, ಹೆಸರು ಹಂಚಿಹೋಯಿತು. 1950ರಲ್ಲಿ, 45ನೇ ವಯಸ್ಸಿಗೆ, ಹರ್ಟ್ಸ್ ಹೃದಯಾಘಾತದಿಂದ ತೀರಿಕೊಂಡರು. ನನ್ನ ಕೈಯಾರೆ ಈ ಚಿಕಿತ್ಸೆಗೆ ಎಷ್ಟೋ ಜನರನ್ನು ತಯಾರು ಮಾಡಿ ಕಳಿಸಿದ್ದೇನೆ. ಅವರ ಹೆಸರನ್ನು ಮೊದಲ ಸಲ ಓದಿದ್ದು ಬೆಕ್ಕಿನ ದೆಸೆಯಿಂದ.

ಅದಕ್ಕಿಂತ ಮೊದಲಿನ ಸ್ಟಾಪ್ ಬ್ರಿಗಮ್ ಸರ್ಕಲ್. ಅಲ್ಲಿದ್ದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಎಡ್ವಿನ್ ಆಸ್ಟ್‌ವುಡ್ ಕೆಲಸ ಮಾಡುತ್ತಿದ್ದರು. ಇವರ ಕಥೆಗೂ ಮೊಲವೇ ಹಿನ್ನೆಲೆ. 1928ರಲ್ಲಿ ಬಾಲ್ಟಿಮೋರ್‌ನಲ್ಲಿ ಬೇರೆ ಸಂಶೋಧನೆಗೆ ಸಾಕಿದ ಮೊಲಗಳಿಗೆ ಗಳಗಂಡ ಬಂತು. ಹುಡುಕಿದರೆ ಕಾರಣ ದಿನಾ ಹಾಕುತ್ತಿದ್ದ ಎಲೆಕೋಸು. ಆಮೇಲೆ ಇಲಿಗಳಲ್ಲಿ ಕೆಲವು ರಾಸಾಯನಿಕಗಳೂ ಥೈರಾಯ್ಡನ್ನು ಕಟ್ಟಿಹಾಕುತ್ತವೆ ಅಂತ ತಿಳಿಯಿತು. ಉಳಿದವರಿಗೆ ಅದು ವಿಷದ ಲಕ್ಷಣ. ಆಸ್ಟ್‌ವುಡ್‌ಗೆ ಅದೇ ಔಷಧ ಅನ್ನಿಸಿತು. ನೂರಕ್ಕೂ ಹೆಚ್ಚು ರಾಸಾಯನಿಕಗಳನ್ನು ಇಲಿಗಳ ಮೇಲೆ ಪರೀಕ್ಷಿಸಿ, 1943ರಲ್ಲಿ ಮನುಷ್ಯರಿಗೆ ಕೊಟ್ಟ ಮಾತ್ರೆಗಳ ಫಲ ಪ್ರಕಟಿಸಿದರು. 1949ರಲ್ಲಿ ಅವರ ತಂಡದಿಂದಲೇ ಮೆಥಿಮಜೋಲ್ ಬಂತು. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗುವ ನಿಯೋಮರ್ಕಜೋಲ್ ಗೊತ್ತಲ್ಲ? ಅದರಲ್ಲಿರುವ ಕಾರ್ಬಿಮಜೋಲ್ ಮೈಯೊಳಗೆ ಹೋಗಿ ಆಗುವುದು ಇದೇ ಮೆಥಿಮಜೋಲ್.

ಅಂದರೆ 1950ರ ಹೊತ್ತಿಗೆ ಮನುಷ್ಯರಿಗೆ ಮಾತ್ರೆಯೂ ಇತ್ತು, ಅಯೋಡಿನ್ನೂ ಇತ್ತು. ಎರಡಕ್ಕೂ ಜೀವ ಕೊಟ್ಟದ್ದು ಮೊಲ, ಇಲಿ. ಬೆಕ್ಕಿನ ಕುತ್ತಿಗೆಗೆ ಬೆರಳು ಇಟ್ಟು ನೋಡುವುದಕ್ಕೆ ಇನ್ನೂ ಮೂವತ್ತು ವರ್ಷ ಬೇಕಾಯಿತು.

*

ಯಾರಿಗೂ ಕಂಡಿರಲೇ ಇಲ್ಲ ಅಂತಲ್ಲ. 1964ರಲ್ಲೇ ಇಂಗ್ಲೆಂಡಿನಲ್ಲಿ ಸತ್ತ ಬೆಕ್ಕುಗಳ ಥೈರಾಯ್ಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು, ವಯಸ್ಸಾದ ಬೆಕ್ಕುಗಳಲ್ಲಿ ಗಂಟುಗಳಿವೆ ಅಂತ ಬರೆದಿದ್ದರು. ಆದರೆ ಶವಪರೀಕ್ಷೆಯ ಮೇಜಿನ ಮೇಲಿನ ಗಂಟಿಗೂ, ಬದುಕಿದ್ದಾಗ ತಿಂದು ತಿಂದು ಕಕ್ಕಿ ಒಣಗಿಹೋದ ಬೆಕ್ಕಿಗೂ ಯಾರೂ ಗಂಟು ಹಾಕಲಿಲ್ಲ. ಆಗ ಬೆಕ್ಕನ್ನು ಸಣ್ಣ ನಾಯಿ ಅಂತ ನೋಡುವ ಕಾಲ. ನಾಯಿಗಳಲ್ಲಿ ಥೈರಾಯ್ಡ್ ತೊಂದರೆ ಅಂದರೆ ಸಾಮಾನ್ಯವಾಗಿ ಹಾರ್ಮೋನ್ ಕಡಿಮೆಯಾಗುವುದು, ಉಲ್ಟಾ.

1979ರಲ್ಲಿ ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರಿನ ಯುವ ವೈದ್ಯ ಮಾರ್ಕ್ ಪೀಟರ್ಸನ್ ಮತ್ತು ಸಂಗಡಿಗರು ಬದುಕಿರುವ ಬೆಕ್ಕುಗಳಲ್ಲಿ ಹಾರ್ಮೋನ್ ಅಳೆದು ಈ ಕಾಯಿಲೆಯನ್ನು ಮೊದಲ ಸಲ ವರದಿ ಮಾಡಿದರು. ಮರುವರ್ಷ, 1980ರಲ್ಲಿ, ಬಾಸ್ಟನ್ನಿನ ಏಂಜೆಲ್ ಮೆಮೋರಿಯಲ್ ಪ್ರಾಣಿ ಆಸ್ಪತ್ರೆಯಿಂದ ಜೀನ್ ಹೋಲ್ಜ್‌ವರ್ತ್ ಮತ್ತು ಜೊತೆಗಾರರು 10 ಬೆಕ್ಕುಗಳ ವಿವರ ಪ್ರಕಟಿಸಿದರು. ಈಗ ಏಂಜೆಲ್ ಇರುವುದು ನನ್ನ ಬಸ್ಸು ದಿನಾ ದಾಟುವ ಸೌತ್ ಹಂಟಿಂಗ್ಟನ್ ಅವೆನ್ಯೂನಲ್ಲಿ. 1915ರಲ್ಲಿ ಶುರುವಾದಾಗ ಅದು ಇದ್ದದ್ದು ಲಾಂಗ್‌ವುಡ್ ಅವೆನ್ಯೂನಲ್ಲೇ. ಅಂದರೆ ಹರ್ಟ್ಸ್ ಎದ್ದು ಆ ಪ್ರಶ್ನೆ ಕೇಳಿದ ದಿನ ಹತ್ತಿರದಲ್ಲೇ ಬೆಕ್ಕುಗಳ ವಾರ್ಡೂ ಇತ್ತು.

ಹೋಲ್ಜ್‌ವರ್ತ್ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಆಕೆ ಮೊದಲು ಲ್ಯಾಟಿನ್ ಭಾಷೆಯ ಪಂಡಿತೆ. ಅದನ್ನು ಬಿಟ್ಟು ಪಶುವೈದ್ಯಕೀಯ ಓದಿದರು. ಬೆಕ್ಕುಗಳಿಗೆ ಪ್ರಾಣಾಂತಕವಾದ ಎಫ್‌ಐಪಿ ಅನ್ನುವ ಕಾಯಿಲೆಯನ್ನು 1963ರಲ್ಲಿ ಮೊದಲು ವಿವರಿಸಿದವರೂ ಅವರೇ. 1987ರಲ್ಲಿ ಬೆಕ್ಕಿನ ರೋಗಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಸಂಪಾದಿಸಿದರು. ಬೆಕ್ಕನ್ನು ಬೆಕ್ಕು ಅಂತಲೇ ನೋಡಬೇಕು ಅನ್ನುವುದು ಇಂಥವರಿಂದ ಬಂದ ತಿಳಿವಳಿಕೆ.

1983ರಲ್ಲಿ ಪೀಟರ್ಸನ್ ತಂಡ 131 ಬೆಕ್ಕುಗಳ ಪಟ್ಟಿ ಮುಂದಿಟ್ಟಿತು. ಹೆಚ್ಚುಕಡಿಮೆ ಎಲ್ಲಕ್ಕೂ ತೂಕ ಇಳಿದಿತ್ತು. ಬಹುಪಾಲು ಬೆಕ್ಕುಗಳಿಗೆ ಅತಿ ಹಸಿವು. ಅರ್ಧಕ್ಕಿಂತ ತುಸು ಹೆಚ್ಚು ಬೆಕ್ಕುಗಳಿಗೆ ವಾಂತಿ. ಓದುವಾಗ ಚುಕ್ಕಿಯ ಕೇಸ್ ಶೀಟನ್ನೇ ಓದಿದ ಹಾಗಾಯಿತು. ಈಗ ಇದು 10 ವರ್ಷ ದಾಟಿದ ಬೆಕ್ಕುಗಳಲ್ಲಿ ನೂರಕ್ಕೆ ಹತ್ತರವರೆಗೂ ಕಾಣುವ ಕಾಯಿಲೆ.

ಹಾಗಾದರೆ 1979ಕ್ಕೆ ಮೊದಲೂ ಇಷ್ಟೇ ಇತ್ತೇ, ಅಥವಾ ಆಮೇಲೆ ಹೆಚ್ಚಾಯಿತೇ? ಎರಡೂ ಅಂತ ಹೆಚ್ಚಿನವರ ಅಭಿಪ್ರಾಯ. ಬೆಕ್ಕುಗಳು ಮನೆಯೊಳಗೆ ಸೇರಿ ದೀರ್ಘಾಯುಷ್ಯ ಪಡೆದವು, ಪರೀಕ್ಷೆ ಸುಲಭವಾಯಿತು. ಜೊತೆಗೆ ಮನೆಯೂ ಬದಲಾಯಿತು. ಡಬ್ಬಿ ಆಹಾರ ಹೆಚ್ಚು ತಿನ್ನುವ ಬೆಕ್ಕುಗಳಲ್ಲಿ ಕಾಯಿಲೆ ಹೆಚ್ಚು ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಇನ್ನೊಂದು ಅನುಮಾನ ಸೋಫಾ ಮೇಲೆ. 1970ರ ದಶಕದಿಂದ ಇಲ್ಲಿನ ಸೋಫಾ ಫೋಮಿಗೆ, ಟಿವಿ ಪೆಟ್ಟಿಗೆಗೆ ಬೆಂಕಿ ತಗಲದಿರಲಿ ಅಂತ ಪಿಬಿಡಿಇ ಎಂಬ ರಾಸಾಯನಿಕ ಸೇರಿಸತೊಡಗಿದರು. ಅದರ ರಚನೆ ಥೈರಾಯ್ಡ್ ಹಾರ್ಮೋನನ್ನು ಹೋಲುತ್ತೆ. ಅದು ಧೂಳಾಗಿ ನೆಲಕ್ಕೆ ಬೀಳುತ್ತೆ. ಬೆಕ್ಕು ನೆಲದ ಮೇಲೆ ಹೊರಳಿ ದಿನವಿಡೀ ಮೈ ನೆಕ್ಕುತ್ತೆ. 2007ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 23 ಬೆಕ್ಕುಗಳ ರಕ್ತ ನೋಡಿದಾಗ ಈ ರಾಸಾಯನಿಕ ದೊಡ್ಡವರಲ್ಲಿ ಇರುವುದಕ್ಕಿಂತ 20ರಿಂದ 100 ಪಟ್ಟು ಹೆಚ್ಚಿತ್ತು. ಇದೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ಅದೇ ನೆಲದ ಮೇಲೆ ಇನ್ಯಾರು ಹೊರಳಿ, ಕೈ ಬಾಯಿಗೆ ಹಾಕುತ್ತಾರೆ ಹೇಳಿ? ಅಂಬೆಗಾಲಿಡುವ ಮಕ್ಕಳು. ಬೆಕ್ಕು ನಮಗಿಂತ ಮೊದಲು ಕಕ್ಕುತ್ತೆ ಅಂತ ನಾನು ಆ ಲೇಖನ ಓದಿ ಅಂದುಕೊಂಡೆ.

*

ಚುಕ್ಕಿಗೆ ಮೊದಲು ಕೊಟ್ಟದ್ದು ಆಸ್ಟ್‌ವುಡ್ ಬಿಟ್ಟುಹೋದ ಮೆಥಿಮಜೋಲ್. ಮಾತ್ರೆ ನುಂಗಿಸಲು ಹೋಗಿ ನನ್ನ ಮೊಣಕೈ ಪರಚಿಸಿಕೊಂಡ ಮೇಲೆ ಮುಲಾಮಾಗಿ ಬದಲಾಯಿಸಿದರು. ಗ್ಲೌಸ್ ಹಾಕಿಕೊಂಡು ಕಿವಿಯ ಒಳಬದಿಗೆ ದಿನಕ್ಕೆರಡು ಸಲ ಸವರಬೇಕು. ಗ್ಲೌಸ್ ಯಾಕೆ ಅಂದರೆ ನನ್ನ ಚರ್ಮದಿಂದಲೂ ಒಳಗೆ ಹೋಗುತ್ತೆ.

ಇಲ್ಲಿ ಒಂದು ಸಿಕ್ಕು ಇತ್ತು. ಥೈರಾಯ್ಡ್ ಜೋರಾಗಿದ್ದಾಗ ಕಿಡ್ನಿಗೆ ರಕ್ತ ರಭಸದಿಂದ ಹೋಗುತ್ತೆ. ಕಿಡ್ನಿ ಸೋತಿದ್ದರೂ ರಿಪೋರ್ಟ್ ಚೆನ್ನಾಗಿಯೇ ಬರುತ್ತೆ. ಥೈರಾಯ್ಡನ್ನು ಹದಕ್ಕೆ ತಂದರೆ ಅಡಗಿದ್ದ ಕಿಡ್ನಿ ಕಾಯಿಲೆ ಹೊರಗೆ ಬರಬಹುದು. ಅದಕ್ಕೇ ಮೊದಲು ಮದ್ದಿನಲ್ಲಿ ಇಟ್ಟು ನೋಡಿದರು. ಮದ್ದನ್ನು ನಿಲ್ಲಿಸಬಹುದು, ಅಯೋಡಿನ್ ಒಮ್ಮೆ ಕೊಟ್ಟರೆ ಕೊಟ್ಟಂತೆ. ನಾಲ್ಕು ತಿಂಗಳು ಕಿಡ್ನಿ ತಡೆದುಕೊಂಡಿತು. ಮಾರ್ಚ್‌ನಲ್ಲಿ ಹರ್ಟ್ಸ್ ಅವರ ಅಯೋಡಿನ್‌ಗೆ ಒಪ್ಪಿದೆವು.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. 1,800 ಡಾಲರ್. ಅಮ್ಮನಿಗೆ ಈವರೆಗೂ ಹೇಳಿಲ್ಲ. ಹೇಳಿದರೆ, "ಬೆಕ್ಕಿಗಾ?" ಅಂತ ಕೇಳುತ್ತಾಳೆ, ನನ್ನ ಬಳಿ ಉತ್ತರ ಇಲ್ಲ. ಇಲ್ಲಿ ಜೀವನಪರ್ಯಂತ ಮದ್ದು, ಮೂರು ನಾಲ್ಕು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಸೇರಿಸಿದರೆ ಅಷ್ಟೇ ಆಗುತ್ತೆ ಅನ್ನುವುದು ಲೆಕ್ಕ. ಅವಳು 13 ವರ್ಷ ನನ್ನ ನೈಟ್ ಡ್ಯೂಟಿಗಳಿಗೆ ಎದ್ದು ಕೂತು ಕಾದಳು ಅನ್ನುವುದು ಲೆಕ್ಕಕ್ಕೆ ಬರದ್ದು. ಎಲ್ಲರಿಗೂ ಈ ದಾರಿ ಆಗುವುದಿಲ್ಲ, ಗೊತ್ತಿದೆ. ಮದ್ದಿನಲ್ಲೇ ವರ್ಷಗಟ್ಟಲೆ ಚೆನ್ನಾಗಿರುವ ಬೆಕ್ಕುಗಳೂ ಬೇಕಾದಷ್ಟಿವೆ.

ಚರ್ಮದ ಕೆಳಗೆ ಒಂದು ಸಣ್ಣ ಇಂಜೆಕ್ಷನ್, ಅಷ್ಟೇ ಚಿಕಿತ್ಸೆ. ಬೆಕ್ಕುಗಳಿಗೆ ಸಾಮಾನ್ಯವಾಗಿ 2ರಿಂದ 5 ಮಿಲಿಕ್ಯೂರಿ. 1995ರಲ್ಲಿ ಪ್ರಕಟವಾದ 524 ಬೆಕ್ಕುಗಳ ಲೆಕ್ಕದಲ್ಲಿ ನೂರಕ್ಕೆ ಸುಮಾರು 95ಕ್ಕೆ ಒಂದೇ ಡೋಸಿನಲ್ಲಿ ಗುಣವಾಗಿತ್ತು. ನಾಲ್ಕು ದಿನ ಅವಳನ್ನು ಅಲ್ಲೇ ಸೀಸದ ಗೋಡೆಯ ಹಿಂದೆ ಇಟ್ಟುಕೊಂಡರು. ಮನೆಗೆ ಬಂದ ಮೇಲೆ ಎರಡು ವಾರ ಜೊತೆಗೆ ಮಲಗುವಂತಿಲ್ಲ, ಮಡಿಲಲ್ಲಿ ಕೂರಿಸುವಂತಿಲ್ಲ. ಅವಳ ಮೂತ್ರದ ಮರಳನ್ನು ಬೇರೆ ಕಟ್ಟಿಡಬೇಕು. ಅಯೋಡಿನ್ ತೆಗೆದುಕೊಂಡ ಪೇಷಂಟುಗಳಿಗೆ ನಾನು ಹೇಳುವ ಮಾತುಗಳೇ. "ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಡಿ" ಅಂತ ಎಷ್ಟು ಸಲೀಸಾಗಿ ಹೇಳಿದ್ದೇನೆ! ಬಾಗಿಲ ಆಚೆ ಅವಳು ಕೆರೆಯುತ್ತಾ ಕೂಗುವಾಗ ಅದರ ಭಾರ ಗೊತ್ತಾಯಿತು.

ಈಗ ಆರು ತಿಂಗಳಾಗಿದೆ. ತೂಕ 4.6 ಕೆಜಿ. ಹಾರ್ಮೋನ್ ಹದಕ್ಕೆ ಬಂದಿದೆ. ಕಿಡ್ನಿಯ ನಂಬರು ಸ್ವಲ್ಪ ಏರಿದೆ, ಆಹಾರ ಬದಲಾಯಿಸಿದ್ದೇವೆ, ನೋಡಬೇಕು. ತಿಂಗಳಿಗೊಮ್ಮೆ ಕೂದಲುಂಡೆ ಕಕ್ಕುತ್ತಾಳೆ. ಈಗ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ತಾರೀಖು ಹಾಕಿ ಬರೆಯುತ್ತೇನೆ.

ವಾಂತಿ ಮಾಡುವ ಬೆಕ್ಕಿಗೆಲ್ಲ ಥೈರಾಯ್ಡ್ ಅಂತ ತಿಳಿಯಬೇಡಿ. ಕಿಡ್ನಿ, ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ, ಕರುಳಿನ ಕ್ಯಾನ್ಸರ್ ಯಾವುದೂ ಇರಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೀರ್ಘಕಾಲದ ವಾಂತಿ, ಭೇದಿ ಅಥವಾ ತೂಕ ಇಳಿಕೆ ಇದ್ದು, ಸ್ಕ್ಯಾನಿನಲ್ಲಿ ಕರುಳು ದಪ್ಪ ಕಂಡ 100 ಬೆಕ್ಕುಗಳ ಕರುಳಿನ ತುಣುಕು ತೆಗೆದು ನೋಡಿದರು. 99ಕ್ಕೆ ನಿಜವಾದ ಕಾಯಿಲೆ ಇತ್ತು. ಹಾಗಾಗಿ ಮಾಡಬೇಕಾದದ್ದು ಇಷ್ಟೇ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ, ಬರೆದಿಡಿ. ವಾಂತಿಯ ತಾರೀಖು ಬರೆಯಿರಿ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಕಾಯಬೇಡಿ. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಅದೇ ದಿನ ಹೋಗಿ. 10 ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಥೈರಾಯ್ಡ್, ಕಿಡ್ನಿ ಎರಡೂ ನೋಡಿಸಿ.

ಕೊನೆಗೆ ಒಂದು ವಿಷಯ. ಹೋದ ಭಾನುವಾರ ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದೆ. ಕುಪ್ಪಸದ ತೋಳು ಜೋಲುತ್ತಿತ್ತು. "ಅಮ್ಮ, ನಿನ್ನ ತೂಕ ಎಷ್ಟೇ?" ಅಂತ ಕೇಳಿದೆ. "ಎಂಥ ತೂಕ ಮಾರಾಯ್ತಿ, ನಂಗೆ ವಯಸ್ಸಾಯ್ತಲ್ಲ, ಇಳೀತದೆ" ಅಂದಳು.

ನಾನು ಚುಕ್ಕಿಗೆ ಹೇಳಿದ ಅದೇ ಮಾತು. ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದ್ದೇನೆ. ಸೋಮವಾರ ಕೊಪ್ಪದಲ್ಲಿ ರಕ್ತ ಕೊಟ್ಟು ಬರುತ್ತಾರೆ. ತೂಕವನ್ನೂ ಬರೆಸಿಕೊಂಡು ಬಾ ಅಂತ ಹೇಳಿದ್ದೇನೆ.

ಮುಂದಿನ ವಾರ ಇನ್ಸುಲಿನ್. ಈ ಸಲ ತಪ್ಪಿಸುವುದಿಲ್ಲ.